ಮೈಸೂರಿನಿಂದ ಮುರಗೂಡಕ್ಕೆ ಬಂದ ಜಾವಾ

ಸ್ಮರಣ ಸಂಚಿಕೆಗೆ ಇತಿಹಾಸದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಘದ ಮಿತ್ರರು ಕೇಳಿದಾಗ ಅವರ ಮನಸ್ಸಿನಲ್ಲಿದ್ದದ್ದು ಕೊಲ್ಲಾಪುರದ ಶಿಲಾಹಾರರು ಎಂಬುದನ್ನು ನಾನು ಬಲ್ಲೆ. ಮೂವತ್ತೈದು ವರ್ಷ ಇತಿಹಾಸವನ್ನು ಪಾಠ ಹೇಳಿದವನು ಇನ್ನೇನು ಬರೆದಾನು? ಶಿರೋಳ ತಾಲೂಕಿನ ಖಿದ್ರಾಪುರಕ್ಕೆ ನಾನು ಎಷ್ಟು ಸಲ ಮಕ್ಕಳನ್ನು ಕರೆದೊಯ್ದಿದ್ದೇನೋ ಲೆಕ್ಕವಿಲ್ಲ. ಕೃಷ್ಣೆಯ ದಂಡೆಯ ಆ ಕೊಪ್ಪೇಶ್ವರ ಗುಡಿಯಲ್ಲಿ ಹಳಗನ್ನಡದ ಶಾಸನಗಳ ಮುಂದೆ ಮಕ್ಕಳನ್ನು ನಿಲ್ಲಿಸಿ, "ಕಲ್ಲಿನ ಮೇಲಿನ ಮಣ್ಣನ್ನೂ ಸುಮ್ಮನೆ ಒರೆಸಬೇಡಿರಿ, ಒರೆಸುವ ಕೈಗೆ ಓದು ಬಾರದಿದ್ದರೆ ಅಕ್ಷರ ಹೋಗುತ್ತದೆ" ಎಂದು ಹೇಳುತ್ತಿದ್ದೆ. ಊರೂರುಗಳಲ್ಲಿ ಗುಡಿಯ ಜೀರ್ಣೋದ್ಧಾರವೆಂದು ಶಾಸನದ ಮೇಲೆ ಸುಣ್ಣ ಬಳಿದವರನ್ನು, ಎಣ್ಣೆಬಣ್ಣ ಹಚ್ಚಿದವರನ್ನು ಕಂಡು ಸಿಟ್ಟಾದದ್ದೂ ಉಂಟು. ಆದರೆ ಈ ಸಲ ನಾನು ಬರೆಯಹೊರಟಿರುವುದು ನಮ್ಮ ಮನೆಯ ದನದ ಕೊಟ್ಟಿಗೆಯಲ್ಲಿ ನಿಂತಿದ್ದ ಒಂದು ಹಳೆಯ ಮೋಟಾರ್ ಸೈಕಲ್ಲಿನ ಇತಿಹಾಸವನ್ನು. ಶಾಸನದ ಮಾತು ಇಲ್ಲಿ ಏಕೆ ಬಂದಿತೆಂಬುದು ಮುಂದೆ ತಿಳಿಯುತ್ತದೆ.

ಗಾಡಿ ನಮ್ಮ ತಂದೆಯವರದು. 1966ರ ಜಾವಾ, 250 ಸಿ.ಸಿ.ಯದು. ಇಂದಿನ ತರುಣರು ಅದನ್ನು ಸಣ್ಣ ಗಾಡಿ ಎನ್ನಲಾರರು. ಆದರೆ ಆ ಕಾಲದಲ್ಲಿ ಪೊಲೀಸರ, ಸೈನ್ಯದವರ 350 ಸಿ.ಸಿ. ಬುಲೆಟ್ಟಿನ ಮುಂದೆ ಹದಿನಾರು ಅಂಗುಲದ ಗಾಲಿಗಳ ಈ ಗಿಡ್ಡ ಗಾಡಿ ಸಣ್ಣದೇ ಆಗಿತ್ತು. ಮುರಗೂಡದಲ್ಲಿ ಅದನ್ನು "ಮುನೀಮರ ಫಟಫಟಿ" ಎಂದೇ ಕರೆಯುತ್ತಿದ್ದರು. ತಂದೆಯವರು ನಿಪ್ಪಾಣಿಯ ತಂಬಾಕಿನ ವಖಾರಿಯೊಂದರಲ್ಲಿ ಮುನೀಮರಾಗಿದ್ದರು. ಮುರಗೂಡದಿಂದ ನಿಪ್ಪಾಣಿಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಅಷ್ಟರೊಳಗೆ ಒಂದು ರಾಜ್ಯ ಮುಗಿದು ಇನ್ನೊಂದು ರಾಜ್ಯ ತೊಡಗುತ್ತದೆ. 1949ರಲ್ಲಿ ಕೊಲ್ಲಾಪುರ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯೊಡನೆ ನಿಪ್ಪಾಣಿ ಮೈಸೂರು ರಾಜ್ಯಕ್ಕೆ ಹೋಯಿತು. ನಾವು ಇತ್ತ ಉಳಿದು 1960ರಲ್ಲಿ ಮಹಾರಾಷ್ಟ್ರದವರಾದೆವು. ಗಾಡಿಯನ್ನು ನಿಪ್ಪಾಣಿಯ ವಿಳಾಸದಲ್ಲಿ ಕೊಂಡದ್ದರಿಂದ ಅದರ ಸಂಖ್ಯೆ ಮೈಸೂರು ರಾಜ್ಯದ ಎಂ.ವೈ. ಅಕ್ಷರಗಳಿಂದ ಆರಂಭವಾಗುತ್ತದೆ. ಗಡಿಯ ಪ್ರಶ್ನೆಗೆ ಮಹಾಜನ ಆಯೋಗ ನೇಮಕವಾದದ್ದು ಅದೇ 1966ರಲ್ಲಿ. ಆಯೋಗ ಬಂದಿತು, ವರದಿ ಕೊಟ್ಟಿತು, ಹೋಯಿತು. ತಂದೆಯವರು ಅದರ ಗೊಡವೆಗೆ ಹೋಗದೆ ದಿನಕ್ಕೆ ಎರಡು ಸಲ ಗಡಿ ದಾಟುತ್ತಿದ್ದರು.

1984ರಲ್ಲಿ ಅವರು ತೀರಿಕೊಂಡರು. ಗಾಡಿ ಕೊಟ್ಟಿಗೆ ಸೇರಿತು. ಮಾರಲು ತಾಯಿ ಬಿಡಲಿಲ್ಲ, ಓಡಿಸಲು ನನಗೆ ಬಾರದು. ನಾನು ಜೀವನಪೂರ್ತಿ ಸೈಕಲ್ ಮತ್ತು ಎಸ್.ಟಿ. ಬಸ್ಸಿನ ಮನುಷ್ಯ. 2022ರ ಮಳೆಗಾಲದಲ್ಲಿ ಕೊಟ್ಟಿಗೆಯ ಹಂಚು ಇಳಿಸಿ ಹೊಸದಾಗಿ ಕಟ್ಟಬೇಕಾದಾಗ ಮಾತ್ರ ಅದು ಬೆಳಕಿಗೆ ಬಂದಿತು. ಗುಜರಿಯವನು ತೂಕದ ಲೆಕ್ಕದಲ್ಲಿ ದರ ಹೇಳಿದ. ಐ.ಟಿ.ಐ. ಓದುತ್ತಿದ್ದ ಮೊಮ್ಮಗ, "ಅಜ್ಜಾ, ನಾವೇ ಬಿಚ್ಚಿ ಜೋಡಿಸೋಣ" ಎಂದ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನು ಮೊದಲ ಸಲ ಪಾನಾ ಹಿಡಿದೆ.

ಪಾನಾ ಹಿಡಿಯುವ ಮೊದಲು, ಅಭ್ಯಾಸಬಲದಿಂದ, ಪುಸ್ತಕ ಹಿಡಿದೆನೆಂಬುದನ್ನೂ ಒಪ್ಪಿಕೊಳ್ಳಬೇಕು. ಈ ಗಾಡಿ ಎಲ್ಲಿಂದ ಬಂದಿತು?

ಜಾವಾ ಎಂಬುದು ದ್ವೀಪದ ಹೆಸರೆಂದು ನಾನು ಬಹಳ ಕಾಲ ತಿಳಿದಿದ್ದೆ. ಭೂಗೋಳದ ಮಾಸ್ತರರೂ ಹಾಗೆಯೇ ತಿಳಿದಿದ್ದರು. ಅದು ಎರಡು ಹೆಸರುಗಳ ಸಂಧಿ. ಪ್ರಾಗ್ ನಗರದಲ್ಲಿ ಶಸ್ತ್ರಾಸ್ತ್ರ ತಯಾರಿಸುತ್ತಿದ್ದ ಫ್ರಾಂಟಿಷೆಕ್ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ಲನ್ನು ತಯಾರಿಸುವ ಹಕ್ಕನ್ನು ಪಡೆದ. ತನ್ನ ಹೆಸರಿನ ಮೊದಲೆರಡು ಅಕ್ಷರ ಮತ್ತು ವಾಂಡರರಿನ ಮೊದಲೆರಡು ಅಕ್ಷರ ಕೂಡಿಸಿ ಜಾವಾ ಎಂದ. ಎರಡನೆಯ ಮಹಾಯುದ್ಧದಲ್ಲಿ ಆ ದೇಶ ನಾಜಿಗಳ ಕೈವಶವಾಗಿದ್ದಾಗ ಅಲ್ಲಿನ ಎಂಜಿನಿಯರರು ಯುದ್ಧಾನಂತರದ ಗಾಡಿಯನ್ನು ಗುಟ್ಟಾಗಿ ರೂಪಿಸುತ್ತಿದ್ದರು. ಅದು 1946ರಲ್ಲಿ ಹೊರಬಂದಿತು. ಆ ಗಾಡಿಗಿದ್ದ ಒಂದು ಚಮತ್ಕಾರ ನಮ್ಮ ಗಾಡಿಯವರೆಗೂ ಬಂದಿದೆ: ಗೇರಿನ ಕಾಲ್ಗೋಲನ್ನು ಒತ್ತಿದರೆ ಕ್ಲಚ್ಚು ತಾನಾಗಿ ಬಿಡುಗಡೆಯಾಗುತ್ತದೆ. 1954ರ ಸುಮಾರಿಗೆ ಬಂದ ಅದರ ಮುಂದಿನ ತಲೆಮಾರಿನ ಗಾಡಿಯೇ ನಮ್ಮ ದೇಶದಲ್ಲಿ ತಯಾರಾದದ್ದು. ಜಾವಾದಲ್ಲಿ ಕಿಕ್ ಹೊಡೆಯುವ ಕೋಲೂ ಗೇರು ಹಾಕುವ ಕೋಲೂ ಒಂದೇ. ಎಡಬದಿಯಲ್ಲಿರುವ ಅದನ್ನು ತಿರುಗಿಸಿ ಎತ್ತಿದರೆ ಕಿಕ್, ಇಳಿಸಿದರೆ ಗೇರು. ಇದನ್ನು ತಿಳಿಯದೆ ಬಲಬದಿಯಲ್ಲಿ ಕಿಕ್ ಹುಡುಕಿ ನಿಂತ ನೆಂಟರನ್ನು ನೋಡಿ ತಂದೆಯವರು ನಗುತ್ತಿದ್ದುದು ನನಗೆ ನೆನಪಿದೆ. ಅವರು ನಗುತ್ತಿದ್ದುದೇ ಅಪರೂಪ.

ಮುಂಬಯಿಯ ಇರಾಣಿ ಮನೆತನದವರು ಈ ಗಾಡಿಗಳನ್ನು ಆಮದು ಮಾಡಿ ಮಾರುತ್ತಿದ್ದರು. ಸ್ವಾತಂತ್ರ್ಯಾನಂತರ ಸರಕಾರ ಆಮದನ್ನು ಬಿಗಿಗೊಳಿಸಿತು; ಇಲ್ಲಿ ಮಾರಬೇಕಾದರೆ ಇಲ್ಲಿಯೇ ತಯಾರಿಸಬೇಕು. ಮದರಾಸಿನಲ್ಲಿ 1955ರಲ್ಲಿ ಎನ್‌ಫೀಲ್ಡ್ ಹುಟ್ಟಿದ್ದೂ, ಫರೀದಾಬಾದಿನ ಎಸ್ಕಾರ್ಟ್ಸ್‌ನವರು ಪೋಲೆಂಡಿನ ಮಾದರಿಯಿಂದ 1962ರಲ್ಲಿ ರಾಜದೂತ್ ಹೊರತಂದದ್ದೂ ಈ ಕಾಲದ ಕಥೆಯೇ. ರುಸ್ತುಮ್ ಇರಾಣಿ ಮತ್ತು ಫಾರೂಖ್ ಇರಾಣಿಯವರು ಜೆಕೊಸ್ಲೊವಾಕಿಯಾದವರೊಡನೆ ಒಪ್ಪಂದ ಮಾಡಿಕೊಂಡು, ಕಾರ್ಖಾನೆಗೆ ಮೈಸೂರಿನ ಯಾದವಗಿರಿಯನ್ನು ಆರಿಸಿಕೊಂಡರು. ಐಡಿಯಲ್ ಜಾವಾ ಎಂದು ಅದಕ್ಕೆ ಹೆಸರಾಯಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರು. ಆಗ ಅವರು ಮಹಾರಾಜರಷ್ಟೇ ಅಲ್ಲ, ಮೈಸೂರು ರಾಜ್ಯದ ರಾಜ್ಯಪಾಲರೂ ಹೌದು. ಗಂಧದೆಣ್ಣೆಯ ಕಾರ್ಖಾನೆ, 1937ರಲ್ಲಿ ನಾಲ್ವಡಿಯವರು ಸ್ಥಾಪಿಸಿದ ಅರಗು ಮತ್ತು ಬಣ್ಣದ ಕಾರ್ಖಾನೆ, ರೈಲ್ವೆ ವರ್ಕ್‌ಶಾಪು ಇದ್ದ ಊರಿಗೆ ಎಂಜಿನ್ನಿನ ಕೆಲಸ ತೀರ ಹೊಸದೇನೂ ಆಗಿರಲಿಲ್ಲ. ಮೊದಮೊದಲು ಬಿಡಿಭಾಗಗಳು ಹಡಗಿನಲ್ಲಿ ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು. ಬರುಬರುತ್ತ ಅವು ಇಲ್ಲಿಯೇ ಎರಕಗೊಳ್ಳತೊಡಗಿದವು. ನಮ್ಮ ಗಾಡಿಯನ್ನು ಬಿಚ್ಚಿದಾಗ ಕೆಲವು ಭಾಗಗಳ ಮೇಲೆ ಜೆಕ್ ಅಕ್ಷರಗಳೂ ಕೆಲವುಗಳ ಮೇಲೆ ಭಾರತದ ಗುರುತುಗಳೂ ಸಿಕ್ಕವು. ಒಂದೇ ಗುಡಿಯಲ್ಲಿ ಎರಡು ರಾಜವಂಶಗಳ ಕಂಬಗಳನ್ನು ಕಂಡ ಹಾಗಾಯಿತು. ಆ ದಿನ ನಾನು ಊಟಕ್ಕೂ ತಡಮಾಡಿದೆನೆಂದು ಮನೆಯಲ್ಲಿ ಮಾತಾಯಿತು.

ಎಪ್ಪತ್ತರ ದಶಕದ ಮೊದಲಲ್ಲಿ ಜಾವಾ ಎಂಬ ಹೆಸರು ಬಿಟ್ಟು ಅದೇ ಕಾರ್ಖಾನೆಯ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. ಇರಾಣಿಗಳ ಪೂರ್ವಜರ ಊರಾದ ಯಜ್ದ್‌ನಿಂದ ಆ ಹೆಸರು ಬಂದಿತೆನ್ನುತ್ತಾರೆ. 1985ರಲ್ಲಿ ಹೀರೋ ಹೋಂಡಾದ ನೂರು ಸಿ.ಸಿ. ಗಾಡಿ ಬಂದು, ಅದೇ ಒಂದು ಲೀಟರಿನಲ್ಲಿ ಇದರ ದುಪ್ಪಟ್ಟಿಗೂ ಮಿಕ್ಕಿ ಓಡತೊಡಗಿದ ಮೇಲೆ ಎಣ್ಣೆ ಬೆರೆಸಿ ನೀಲಿ ಹೊಗೆ ಬಿಡುವ ಗಾಡಿಯನ್ನು ಕೊಳ್ಳುವವರು ಕಡಿಮೆಯಾದರು. ಹೊಗೆಯ ಮೇಲೆ ಕಾಯಿದೆಗಳು ಬಂದವು, ಕಾರ್ಮಿಕರ ತಕರಾರುಗಳು ಬಂದವು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಮೂವತ್ತೈದು ವರ್ಷ, ನನ್ನ ನೌಕರಿಯಷ್ಟೇ ಅದರ ಆಯುಷ್ಯ.

ಇನ್ನು ಕೊಟ್ಟಿಗೆಯ ಕೆಲಸಕ್ಕೆ ಬರುತ್ತೇನೆ.

ಮೊಮ್ಮಗ ಮಾಡಿದ ಮೊದಲ ಕೆಲಸವೆಂದರೆ, ಒಂದೊಂದು ನಟ್ಟು ಬಿಚ್ಚುವ ಮುನ್ನ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡದ್ದು. ಯಾವ ತಂತಿ ಎಲ್ಲಿಗೆ ಹೋಗುತ್ತದೆಂಬುದು ಮರೆಯಬಾರದು ಎಂದು. "ಇಷ್ಟು ಚಿತ್ರ ಏಕೋ? ತಲೆಯಲ್ಲಿ ಇಟ್ಟುಕೋ" ಎಂದು ನಾನು ಗದರಿದೆ. ಮುಖ್ಯಾಧ್ಯಾಪಕರ ಕೊರಳು ನಿವೃತ್ತಿಯ ನಂತರವೂ ಉಳಿಯುತ್ತದೆ.

ಎಂಜಿನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಪ್ಲಗ್ಗಿನ ತೂತಿನಿಂದ ಡೀಸೆಲ್ ಮತ್ತು ಎಣ್ಣೆ ಸುರಿದು ಎಂಟು ದಿನ ಬಿಟ್ಟೆವು. ಒಂಬತ್ತನೆಯ ದಿನ ಮರದ ತುಂಡಿನಿಂದ ಮೆಲ್ಲಗೆ ತಟ್ಟಿದಾಗ ಪಿಸ್ಟನ್ ಒಂದು ಕೂದಲೆಳೆಯಷ್ಟು ಸರಿಯಿತು. ಪೆಟ್ರೋಲ್ ಟಾಕಿಯೊಳಗೆ ಹುಣಸೆಹುಳಿಯ ನೀರು, ಹಿಡಿ ಜಲ್ಲಿ ಹಾಕಿ ಇಬ್ಬರೂ ಸರದಿಯಂತೆ ಅಲ್ಲಾಡಿಸಿದೆವು. ಮೂರು ದಿನ ಕೆಂಪು ನೀರೇ ಬಂದಿತು. ಕಾರ್ಬೊರೇಟರಿನ ಜೆಟ್ಟಿನ ರಂಧ್ರವನ್ನು ನಾನು ಸೂಜಿಯಿಂದ ಚುಚ್ಚಹೋದೆ. ಮೊಮ್ಮಗ ಕೈ ಹಿಡಿದ. ಹಿತ್ತಾಳೆಯ ಆ ರಂಧ್ರ ಒಂದು ಕೂದಲು ಅಗಲವಾದರೂ ಪೆಟ್ರೋಲಿನ ಪ್ರಮಾಣ ಕೆಡುತ್ತದಂತೆ.

ಎರಡು ಸ್ಟ್ರೋಕಿನ ಎಂಜಿನ್ನು ನಾನು ಎಣಿಸಿದ್ದಕ್ಕಿಂತ ಸರಳ, ಎಣಿಸಿದ್ದಕ್ಕಿಂತ ಸೂಕ್ಷ್ಮ. ಅದಕ್ಕೆ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಟಕಿಗಳಿವೆ. ಪಿಸ್ಟನ್ನೇ ಮೇಲೆ ಕೆಳಗೆ ಸರಿದು ಅವನ್ನು ತೆರೆಯುತ್ತದೆ, ಮುಚ್ಚುತ್ತದೆ. ಪೆಟ್ರೋಲು ಮತ್ತು ಗಾಳಿ ಮೊದಲು ಕ್ರ್ಯಾಂಕಿನ ಕೋಣೆಗೆ ಹೋಗಿ, ಅಲ್ಲಿ ಒತ್ತಡಕ್ಕೆ ಸಿಕ್ಕು ಮೇಲೇರುತ್ತವೆ. ಆದ್ದರಿಂದ ಆ ಕೋಣೆಯ ಎರಡು ಬದಿಯ ರಬ್ಬರ್ ಸೀಲುಗಳು ಒಣಗಿ ಗಾಳಿ ಸೋರಿದರೆ ಉಳಿದೆಲ್ಲ ಸರಿಯಿದ್ದರೂ ಗಾಡಿ ಬದುಕುವುದಿಲ್ಲ. ಪ್ರತ್ಯೇಕ ಎಣ್ಣೆಯಿಲ್ಲದ ಕಾರಣ ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಬೇಕು: ಇಪ್ಪತ್ತೈದು ಪಾಲಿಗೆ ಒಂದು, ಎಂದರೆ ಲೀಟರಿಗೆ 40 ಮಿಲಿಲೀಟರ್. ತಂದೆಯವರು ಇದಕ್ಕೊಂದು ಹಿತ್ತಾಳೆಯ ಅಳತೆ ಇಟ್ಟಿದ್ದರು. ಈಗ ಅದು ದೇವರ ಮನೆಯಲ್ಲಿ ಎಣ್ಣೆಯ ಬಟ್ಟಲಾಗಿದೆ.

ಸಿಲಿಂಡರ್ ತೆಗೆದುಕೊಂಡು ಕೊಲ್ಲಾಪುರದ ಉದ್ಯಮನಗರಕ್ಕೆ ಹೋದೆವು. ರೈತರ ಬಾವಿಗೆ ಆಯಿಲ್ ಎಂಜಿನ್ ಮಾಡಿಕೊಟ್ಟು ಬೆಳೆದ ಊರು ಅದು; ಅಲ್ಲಿ ಲೇಥಿನ ಸದ್ದಿಲ್ಲದ ಓಣಿಯಿಲ್ಲ. ಬೋರಿಂಗ್ ಮಾಡುವ ವೃದ್ಧರೊಬ್ಬರು ಸಿಲಿಂಡರಿನೊಳಗೆ ಬೆರಳಾಡಿಸಿ, ಮಾಪನವನ್ನು ಆಮೇಲೆ ಇಟ್ಟು, ಎರಡೂ ಒಂದೇ ಲೆಕ್ಕ ಹೇಳಿದ್ದನ್ನು ಕಂಡೆ. ಅವರ ಮರಾಠಿಯಲ್ಲಿ ಅರ್ಧ ಕನ್ನಡವಿತ್ತು. ಇಚಲಕರಂಜಿಯಲ್ಲಿ ಮಗ್ಗಗಳ ರಿಪೇರಿಯಿಂದ ಈ ಕೆಲಸಕ್ಕೆ ಬಂದವರಂತೆ. ದೊಡ್ಡ ಅಳತೆಯ ಪಿಸ್ಟನ್ ಎಲ್ಲಿ ಸಿಗುತ್ತದೆಂದು ಕೇಳಿದರೆ ನಗುತ್ತ ಕಪಾಟು ತೆರೆದರು. ಕಾರ್ಖಾನೆ ಮುಚ್ಚಿ ಇಪ್ಪತ್ತಾರು ವರ್ಷವಾಗಿದ್ದರೂ ಅದರ ಗಾಡಿಗೆ ಪಿಸ್ಟನ್, ರಿಂಗು, ಸೀಲು, ಕೇಬಲ್ಲು ಇನ್ನೂ ಯಾರೋ ಮಾಡುತ್ತಿದ್ದಾರೆ, ಯಾರೋ ಕೊಳ್ಳುತ್ತಿದ್ದಾರೆ. ಬೆಂಗಳೂರು, ಮೈಸೂರುಗಳಲ್ಲಿ ಪ್ರತಿ ಜುಲೈಯಲ್ಲಿ ಜಾವಾ ದಿನವೆಂದು ನೂರಾರು ಜನ ಈ ಗಾಡಿಗಳನ್ನೇರಿ ಬೀದಿಗಿಳಿಯುತ್ತಾರೆ. 2018ರಲ್ಲಿ ಜಾವಾ ಎಂಬ ಹೆಸರಿನ ಹೊಸ ಗಾಡಿಯೇ ಮಾರುಕಟ್ಟೆಗೆ ಬಂದಿತು. ಅದು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಮೈಸೂರಿನವರಿಗೆ ಇದನ್ನು ಕೇಳಿ ಏನೆನ್ನಿಸಿತೋ. ನನಗಂತೂ ತುಸು ನೋವೇ ಆಯಿತು.

ರಿಂಗುಗಳನ್ನು ನಾನೇ ಕೂಡಿಸುವೆನೆಂದು ಹಟ ಹಿಡಿದೆ. ಪಿಸ್ಟನ್ನಿನ ಗಾಡಿಯಲ್ಲಿ ಒಂದು ಸಣ್ಣ ಮೊಳೆಯಿರುತ್ತದೆ. ರಿಂಗಿನ ಎರಡು ತುದಿಗಳು ಅದರ ಅಕ್ಕಪಕ್ಕ ಬರಬೇಕು. ಇಲ್ಲದಿದ್ದರೆ ತುದಿ ಸಿಲಿಂಡರಿನ ಕಿಟಕಿಗೆ ಸಿಕ್ಕಿ ಮುರಿಯುತ್ತದೆ. ಓದಿದ್ದೆ, ಇತರರಿಗೆ ವಿವರಿಸಿಯೂ ಇದ್ದೆ. ಆದರೂ ತಪ್ಪಿದೆ. ಸಿಲಿಂಡರನ್ನು ಒತ್ತಿದಾಗ "ಟಿಕ್" ಎಂಬ ಸಣ್ಣ ಸದ್ದು ಬಂದಿತು. ಮೊಮ್ಮಗ ಏನೂ ಅನ್ನದೆ ಮತ್ತೆ ಕೊಲ್ಲಾಪುರದ ಬಸ್ಸು ಹತ್ತಿದ. ಮೂವತ್ತೈದು ವರ್ಷ ಮಕ್ಕಳ ತಪ್ಪಿಗೆ ಕೆಂಪು ಶಾಯಿ ಬಳಸಿದವನು ನಾನು. ಆ ಮೌನವನ್ನು ಸಹಿಸುವುದು ಸುಲಭವಾಗಿರಲಿಲ್ಲ.

ಆದರೆ ರಿಂಗು ಮತ್ತೆ ಸಿಗುತ್ತದೆ. ನಾನು ಮಾಡಿದ ದೊಡ್ಡ ತಪ್ಪು ಬೇರೆಯದು.

ಜಾವಾದ ಸೀಟಿನ ಕೆಳಗೆ ಎರಡು ಬದಿಗೂ ತಗಡಿನ ಡಬ್ಬಿಗಳಿವೆ. ಒಂದರಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಸಾಮಾನು. ಬಣ್ಣ ತೆಗೆಯುವ ಕೆಲಸವನ್ನು ನಾನು ವಹಿಸಿಕೊಂಡಿದ್ದೆ. ಬಣ್ಣ ಕರಗಿಸುವ ದ್ರವ ಸವರಿ, ಕರಣೆಯಿಂದ ಕೆರೆದು, ಎಮರಿ ಕಾಗದದಿಂದ ತಿಕ್ಕಿ, ತಗಡು ಕನ್ನಡಿಯಂತೆ ಹೊಳೆಯುವವರೆಗೆ ಬಿಡುತ್ತಿರಲಿಲ್ಲ. ಸಾಮಾನಿನ ಡಬ್ಬಿಯ ಮುಚ್ಚಳದ ಒಳಬದಿಗೆ ಗ್ರೀಸು ಅಂಟಿ ಕರಿಯ ಹಲ್ಲೆಯಾಗಿತ್ತು. ಅದರಡಿಯಲ್ಲಿ ಗೀರುಗಳು ಕಂಡವು. ಪಾನಾ, ಚಾಣಗಳು ತಾಕಿ ಆದ ಗೀರುಗಳೆಂದುಕೊಂಡೆ. ದ್ರವ ಸವರಿದೆ. ಹತ್ತು ನಿಮಿಷದಲ್ಲಿ ಎಲ್ಲವೂ ಸುಲಿದು ಬಂದಿತು. ಒಳಗೂ ಹೊರಗೂ ಮರೂನ್ ಬಣ್ಣ ಹೊಡೆಸಿ, ಟಾಕಿಯ ಬದಿಗಳಿಗೆ ಕ್ರೋಮ್ ಮಾಡಿಸಿದಾಗ ಗಾಡಿ ಮದುಮಗನಂತೆ ಕಂಡಿತು. ಊರವರು ನೋಡಲು ಬಂದರು.

2023ರ ಯುಗಾದಿಯ ಮರುದಿನ ಅಂಗಳದಲ್ಲಿ ಎಂಜಿನ್ನು ಚಾಲೂ ಆಯಿತು. ಹದಿನೈದು ಇಪ್ಪತ್ತು ಕಿಕ್ಕಿಗೂ ಏಳದ್ದು, ಪಾಯಿಂಟಿನ ಅಂತರವನ್ನು 0.4 ಮಿಲಿಮೀಟರಿಗೆ ಮತ್ತೆ ಸರಿಪಡಿಸಿದ ಮೇಲೆ ಒಂದೇ ಕಿಕ್ಕಿಗೆ ಎದ್ದಿತು. ಅಂಗಳವೆಲ್ಲ ನೀಲಿ ಹೊಗೆ. ನನ್ನ ತಂಗಿ, ಆಕೆಗೂ ಈಗ ಎಪ್ಪತ್ತು, ಒಳಗಿನಿಂದ ಆ ಸದ್ದು ಕೇಳಿ ಹೊರಗೆ ಬಂದು ಬಾಗಿಲಲ್ಲಿ ನಿಂತಳು. ಸಂಜೆ ತಂದೆಯವರು ಕೆರೆಯ ಏರಿಯ ತಿರುವಿಗೆ ಬಂದಾಗಲೇ ಈ ಸದ್ದು ಮನೆಗೆ ಕೇಳುತ್ತಿತ್ತು. ಆಕೆ ಓಡಿ ಹೋಗಿ ಚಹಕ್ಕೆ ಇಡುತ್ತಿದ್ದಳು.

ನೋಂದಣಿಯ ಕಾಗದಗಳನ್ನು ಜೋಡಿಸತೊಡಗಿದಾಗ ಗೊತ್ತಾದದ್ದು, 2021ರಲ್ಲಿ ಕೇಂದ್ರ ಸರಕಾರ ಐವತ್ತು ವರ್ಷ ಮೀರಿದ ವಾಹನಗಳಿಗೆ ಬೇರೆಯೇ ನಿಯಮ ಮಾಡಿದೆಯೆಂದು. ಹೊಸದಾಗಿ ನೋಂದಾಯಿಸಿದರೆ ಸಂಖ್ಯೆಯಲ್ಲಿ ವಿ.ಎ. ಎಂಬ ಅಕ್ಷರ ಬರುತ್ತದೆ, ಶುಲ್ಕ 20,000 ರೂಪಾಯಿ. ಹಳೆಯ ನೋಂದಣಿ ಇದ್ದವರು ಮೂಲ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥವಕ್ಕೆ ಮಾತ್ರ ಬೀದಿಗೆ ತರಬಹುದು. ಮತ್ತು ವಾಹನ ತನ್ನ ಮೂಲ ರೂಪದಲ್ಲಿಯೇ ಇರಬೇಕು. ಮೂಲ ರೂಪ ಎಂಬ ಆ ಮಾತು ನನ್ನನ್ನು ಅಲ್ಲಿಯೇ ನಿಲ್ಲಿಸಿತು. ಅರ್ಜಿಗೆ ಬೇಕೆಂದು ಮೊಮ್ಮಗ ಬಿಚ್ಚುವ ಮುಂಚಿನ ಚಿತ್ರಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ತೋರಿಸುತ್ತಿದ್ದ. ಬ್ಯಾಟರಿಯ ತಂತಿಗಳ ಚಿತ್ರವೊಂದರಲ್ಲಿ, ಮೂಲೆಯಲ್ಲಿ, ಸಾಮಾನಿನ ಡಬ್ಬಿಯ ತೆರೆದ ಮುಚ್ಚಳ ಅರ್ಧ ಕಾಣುತ್ತಿತ್ತು.

ಗೀರುಗಳಲ್ಲ. ಅಕ್ಷರಗಳು. ಮೊಳೆಯ ತುದಿಯಿಂದ ಬಣ್ಣದ ಮೇಲೆ ಕೊರೆದ ಕನ್ನಡ ಅಂಕೆಗಳು, ಸಾಲು ಸಾಲಾಗಿ. ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಿದ್ದ ಅದೇ ನೇರವಾದ ಕೈ. ಎಡಕ್ಕೆ ತಾರೀಖು, ಬಲಕ್ಕೆ ಕೆಲಸ: ಪ್ಲಗ್ಗು, ಚೈನು, ಹಿಂದಿನ ಟಾಯರು. ಒಂದು ಸಾಲಿನಲ್ಲಿ ವೇದಗಂಗೆಯ ಹೆಸರಿದೆ. ನೆರೆ ಬಂದ ವರ್ಷವೋ ಏನೋ. ಹದಿನೆಂಟು ವರ್ಷಗಳ ದಿನಚರಿಯನ್ನು ಅವರು ಅಲ್ಲಿ ಇಟ್ಟಿದ್ದರು, ನಾನು ಅದನ್ನು ಹತ್ತು ನಿಮಿಷದಲ್ಲಿ ಸುಲಿದಿದ್ದೆ. ಗುಡಿಗೆ ಸುಣ್ಣ ಹೊಡೆದವರಿಗಾದರೂ ಭಕ್ತಿಯ ನೆಪವಿತ್ತು. ಅವರು ಯಾರೂ ಶಾಸನದ ಪಾಠ ಹೇಳಿದವರಾಗಿರಲಿಲ್ಲ.

ಬ್ಯಾಟರಿಯ ಡಬ್ಬಿಯ ಮುಚ್ಚಳ ಆಮ್ಲ ತಿಂದು ತೂತಾಗಿದ್ದರಿಂದ ಅದನ್ನು ಬಣ್ಣಕ್ಕೆ ಕೊಟ್ಟಿರಲಿಲ್ಲ, ಹೊಸದನ್ನು ತರಿಸಿದ್ದೆವು. ಈಗ ಹೊಸದನ್ನು ತೆಗೆದು ಆ ಹಳೆಯ ಮುಚ್ಚಳವನ್ನೇ ಹಾಕಿಸಿದ್ದೇನೆ. ಅದರ ಮೇಲೆ ಏನೂ ಬರೆದಿಲ್ಲ, ನೋಡಿದ್ದೇನೆ. ಬಂದವರು "ಇದೊಂದು ಏಕೆ ಹೀಗೆ ಬಿಟ್ಟಿರಿ ಸರ್?" ಎಂದು ಕೇಳುತ್ತಾರೆ.

ಚಿತ್ರವನ್ನು ಕೊಲ್ಲಾಪುರದಲ್ಲಿ ದೊಡ್ಡದಾಗಿ ಮುದ್ರಿಸಿ ತಂದು, ಶಾಸನದ ಪಡಿಯಚ್ಚನ್ನು ಓದುವಂತೆ ಬೂದುಗಾಜು ಹಿಡಿದು ಓದುತ್ತಿದ್ದೇನೆ. ಹದಿಮೂರು ಸಾಲುಗಳು ಸಿಕ್ಕಿವೆ. ಕೆಳಗಿನಿಂದ ಮೂರನೆಯದು ೧೧-೬-೭೩ ಎಂದು ಆರಂಭವಾಗುತ್ತದೆ. ಅದು ಸೋಮವಾರ. ಗಡಹಿಂಗ್ಲಜ ತಾಲೂಕಿನ ಹಳ್ಳಿಯ ಶಾಲೆಗೆ ನಾನು ಮೊದಲ ದಿನ ಹಾಜರಾಗಲು ಹೋದದ್ದು ಅಂದು. ತಂದೆಯವರೇ ಗಾಡಿಯ ಹಿಂದೆ ಕೂಡಿಸಿಕೊಂಡು ಬಿಟ್ಟು ಬಂದಿದ್ದರು. ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ. ಶಾಲೆಯ ಮುಂದೆ ಇಳಿಸಿ, ನನ್ನ ಟ್ರಂಕನ್ನು ಕೆಳಗಿಟ್ಟು, ಗಾಡಿ ತಿರುಗಿಸಿಕೊಂಡು ಹೋದರು. ತಾರೀಖಿನ ಮುಂದೆ "ಗಡಹಿಂಗ್ಲಜ" ಎಂದಿದೆ. ಅದರ ಮುಂದೆ ಇನ್ನೂ ಎರಡು ಮೂರು ಶಬ್ದಗಳಿವೆ. ಚಿತ್ರ ತೆಗೆಯುವಾಗ ಮೊಮ್ಮಗನ ಹೆಬ್ಬೆರಳು ಅಲ್ಲಿ ಅಡ್ಡ ಬಂದಿದೆ.